ಎಮ್ಮೆಗೆ ನೀರು

ಸೀರೆಯುಟ್ಟ ಹುಡುಗನೊಬ್ಬ ಹಾಡಿ ಅಳುತ್ತ, ನಡುವೆ ಸುಮ್ಮನೆ ನಿಂತು ನಗಿಸುವ ವಿಡಿಯೊ ಈಗ ವಿಜಯಪುರದಲ್ಲಿ ಎಲ್ಲರ ಮೊಬೈಲಿನಲ್ಲಿದೆ. ನೋಡಿದಾಗಲೆಲ್ಲ ನನ್ನ ಮೂಗಿಗೆ ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ಬಿಳಿ ಬಣ್ಣದ ವಾಸನೆ ಬರುತ್ತದೆ.

ಸಾರವಾಡದ ನಮ್ಮ ಪಡಸಾಲೆಯಲ್ಲಿ ಎಷ್ಟೋ ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಕಾಕಾ ಮುಖಕ್ಕೆ ಅದೇ ಬಣ್ಣ ಬಳಿದುಕೊಂಡಿದ್ದ. ಊರ ನಾಟಕದಲ್ಲಿ ಹಾಸ್ಯದ ಪಾತ್ರ ಅವನದೇ. ಅಜ್ಜ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಕಾಕಾ ಹಳೆಯ ಇಲಕಲ್ ಸೀರೆ ಸುತ್ತಿಕೊಂಡು, ಗಂಡನನ್ನು ಕಳೆದುಕೊಂಡವಳಂತೆ ಎದೆ ಬಡಿದುಕೊಂಡ.

"ನನ್ನ ಬಿಟ್ಟ ಹ್ಯಾಂಗ ಹೋದ್ಯೋ ನನ್ನ ರಾಜಾ..."

ಥಟ್ಟನೆ ಅಳು ನಿಂತಿತು. "ಲೇ, ಯಾರರ ಎಮ್ಮಿಗಿ ನೀರ ಕುಡಸ್ರಿ!" ಎಂದು ಕೂಗಿ, ಮತ್ತೆ ರಾಗ ಎಳೆದ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

ಬಾಗಿಲಲ್ಲಿ ಅವನ ತಾಯಿ, ನಮ್ಮ ಆಯಿ, ನಿಂತಿದ್ದಳು.

"ಅವತ್ತ ನಾ ಅತ್ತದ್ದನ್ನ ಬರೋಬರಿ ಹಿಡದೀಯಲ್ಲೋ," ಎಂದಳು.

ಕಾಕಾ ತಲೆ ತಗ್ಗಿಸಿದ. "ಮಂದಿ ನಗಲಿ ಅಂತ ಮಾಡಿದ್ನಿ ಯವ್ವಾ. ಬ್ಯಾಡಂದ್ರ ಬಿಡ್ತೇನಿ."

"ನಗಲಿ ಬಿಡು." ಜಾರಿದ ಅವನ ಸೆರಗನ್ನು ಆಯಿಯೇ ಹೆಗಲಿಗೇರಿಸಿ, ನೆರಿಗೆ ಸರಿಪಡಿಸಿದಳು. "ಆದ್ರ ಎಮ್ಮಿ ಮಾತು ನಂದಲ್ಲೋ ತಮ್ಮಾ. ನಿಮ್ಮಪ್ಪ ಉಸರ ಬಿಡೂಮುಂದ ನನಗ ಹೇಳಿದ್ದು ಅದೊಂದ."

ಅಂದಿನಿಂದ ಪ್ರತಿ ನಾಟಕದಲ್ಲೂ ಕಾಕಾ ಎಮ್ಮೆಯ ಮಾತು ಆಡಿದ ಮೇಲೆ ಮತ್ತೆ ಅಳಲಾಗದೆ ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಿದ್ದ. ತಿಕೋಟಾ, ಬಬಲೇಶ್ವರ, ಎಲ್ಲಿಗೆ ಹೋದರೂ ಮಂದಿ ಎಲ್ಲಕ್ಕಿಂತ ಜೋರಾಗಿ ನಗುತ್ತಿದ್ದುದು ಅಲ್ಲಿಯೇ.