ಹನ್ನೊಂದು ಕಾರ್ಡು ಡಿಸ್ಚಾರ್ಜ್

ಎಪ್ಪತ್ತೊಂದು ಕಾರ್ಡುಗಳನ್ನು ಊಟದ ಮೇಜಿನ ಮೇಲೆ ಸಾಲಾಗಿ ಹರಡಿ ಸೊಸೆ ಸೊಂಟದ ಮೇಲೆ ಕೈಯಿಟ್ಟಳು. "ಅತ್ತೆ, ಇದರಲ್ಲಿ ಹನ್ನೊಂದು ಈಗಲೇ ಹೊರಗೆ ಹೋಗಬೇಕು. ನಾಲ್ಕು ಗಂಟೆಗೆ ಆಟ."

"ಅರವತ್ತಕ್ಕಿಂತ ಕಡಿಮೆ ಇರಬಾರದು ಅಂತ ತಾನೇ ನಿಯಮ? ಹೆಚ್ಚಿದ್ದರೆ ಯಾರಪ್ಪನ ಗಂಟು ಹೋಗುತ್ತೆ?"

"ಡೆಕ್ ದಪ್ಪ ಆದಷ್ಟೂ ಬೇಕಾದ ಕಾರ್ಡು ಕೈಗೆ ಬರೋದು ತಡ. ಒಂಬತ್ತು ಭಾನುವಾರ ಆಡಿದಿರಲ್ಲ, ಎಷ್ಟು ಗೆದ್ರಿ?"

"ಒಂದೂ ಸೋತಿಲ್ಲ."

"ಒಂದೂ ಗೆದ್ದಿಲ್ಲ. ಒಂಬತ್ತೂ ಡ್ರಾ."

ಅದು ನಿಜವೇ. ಕ್ಲಬ್ಬಿನ ಈ ಕಾರ್ಡು ಕಾಳಗಕ್ಕೆ ಪ್ರತಿ ಆಟಗಾರರೂ ತಾವೇ ಆರಿಸಿದ ಕಾರ್ಡುಗಳ ಕಟ್ಟನ್ನು, ಅಂದರೆ ಡೆಕ್ಕನ್ನು, ತರಬೇಕು; ಎದುರಾಳಿಯ ಇಪ್ಪತ್ತು ಜೀವ ಕಳೆದವರು ಗೆದ್ದಂತೆ. ಅತ್ತೆಯ ಡೆಕ್ಕಿನಲ್ಲಿ ಎರಡು ಬಣ್ಣ: ಗಾಯ ವಾಸಿ ಮಾಡುವ ಬಿಳಿ, ಪ್ರಾಣ ತೆಗೆಯುವ ಕಪ್ಪು. ಮೂವತ್ತೆಂಟು ವರ್ಷ ಆಸ್ಪತ್ರೆಯಲ್ಲಿ ದುಡಿದು ಹೆಡ್ ನರ್ಸ್ ಆಗಿ ನಿವೃತ್ತರಾದವರ ಕೈಗೆ ಬಿಳಿ ಕಾರ್ಡು ಸಿಕ್ಕರೆ ಕೇಳಬೇಕೆ? ಸಾಯಲು ಬಿದ್ದ ಮುದಿ ಕುದುರೆಯೂ ಎದ್ದು ಕೂರುತ್ತಿತ್ತು. ಯಾರೂ ಸಾಯದೆ, ಯಾರೂ ಗೆಲ್ಲದೆ ಆಟದ ಐವತ್ತು ನಿಮಿಷ ಮುಗಿದುಹೋಗುತ್ತಿತ್ತು. ಇವತ್ತು ಅದು ನಡೆಯುವಂತಿಲ್ಲ. ಕ್ಲಬ್ಬಿನ ತಂಡದಲ್ಲಿ ಉಳಿದಿರುವುದು ಒಂದೇ ಜಾಗ. ಅತ್ತೆ ಗೆದ್ದರೆ ಅತ್ತೆಗೆ. ಡ್ರಾ ಆದರೂ ಅದು ಇವತ್ತಿನ ಎದುರಾಳಿ, ಕಳೆದ ವರ್ಷ ತಂಡದಲ್ಲಿ ಆಡಿದ್ದ ಜಿಮ್ ಕೋಚ್‌ಗೇ.

ಸೊಸೆ ಪತ್ರಿಕೆಯಲ್ಲಿ ಉಪಸಂಪಾದಕಿ. ಬೇರೆಯವರು ಬೆವರಿಳಿಸಿ ಬರೆದದ್ದನ್ನು ಕತ್ತರಿಸುವುದೇ ಅವಳ ಹೊಟ್ಟೆಪಾಡು. ತೆಗೆದರೆ ಯಾರಿಗೂ ಗೊತ್ತಾಗದೆ ಹೋಗುವುದನ್ನೆಲ್ಲ ತೆಗೆಯಬೇಕು ಎಂಬ ಅವಳ ಡೆಸ್ಕಿನ ಕಾನೂನು ಊಟದ ಮೇಜಿಗೂ ಜಾರಿಯಾಯಿತು.

"ಈ ಮುದಿ ಕುದುರೆ ಯಾಕೆ?"

"ಅದಕ್ಕೆ ಯಾರೂ ಇಲ್ಲ ಕಣೇ."

"ಅತ್ತೆ, ಅದು ಕಾರ್ಡು."

"ಚಿತ್ರ ನೋಡು. ಪಾಪ, ಒಂದೇ ನಿಂತಿದೆ."

ಕುದುರೆ ಹೊರಬಿತ್ತು. "ಗಾಯ ಕಟ್ಟೋ ದೇವತೆಯರು ನಾಲ್ಕು ಜನ ಯಾಕೆ?"

"ಮೂರು ಪಾಳಿಗೆ ಮೂವರು. ಒಬ್ಬಳು ರಜೆ ಹಾಕಿದರೆ?"

ಇಬ್ಬರು ದೇವತೆಯರು ಕೆಲಸ ಕಳೆದುಕೊಂಡರು. ಹೊರಹೋದ ಪ್ರತಿ ಕಾರ್ಡಿನ ಪ್ಲಾಸ್ಟಿಕ್ ಕವರನ್ನೂ ಅತ್ತೆ ಸೆರಗಿನಿಂದ ಒರೆಸಿ, "ಡಿಸ್ಚಾರ್ಜ್" ಎಂದು ಗೊಣಗಿ, ಡಬ್ಬಿಯಲ್ಲಿ ಮಲಗಿಸಿದರು. ಮೂರು ಗಂಟೆಯ ಹೊತ್ತಿಗೆ ಹನ್ನೊಂದು ಡಿಸ್ಚಾರ್ಜ್ ಆದವು, ಹನ್ನೊಂದೂ ಬಿಳಿ. ಕಪ್ಪು ಗಿಡುಗಗಳ ಒಂದು ಗರಿಯನ್ನೂ ಸೊಸೆ ಮುಟ್ಟಲಿಲ್ಲ.

"ಇವತ್ತೊಂದು ದಿನ ಕರುಣೆ ಬೇಡ ಅತ್ತೆ."

"ಆಯ್ತಮ್ಮಾ ತಾಯಿ. ಇವತ್ತು ಕಟುಕಿ ಆಗ್ತೀನಿ."

ಕ್ಲಬ್ಬಿನಲ್ಲಿ ಆಟ ಸೊಸೆ ಎಣಿಸಿದಂತೆಯೇ ಸಾಗಿತು. ತೆಳ್ಳಗಾದ ಡೆಕ್ಕಿನಿಂದ ಗಿಡುಗಗಳು ಒಂದರ ಹಿಂದೊಂದು ಹಾರಿಬಂದವು. ನಲವತ್ತನೇ ನಿಮಿಷಕ್ಕೆ ಕೋಚ್‌ನ ಇಪ್ಪತ್ತು ಜೀವಗಳು ಎರಡಕ್ಕೆ ಇಳಿದಿದ್ದವು, ಅತ್ತೆಯವು ನಾಲ್ಕಕ್ಕೆ. ಅತ್ತೆಯ ಕಡೆ ಈಗಷ್ಟೇ ಇಳಿದ ಒಂದು ಗಿಡುಗ; ಇಳಿದ ಸುತ್ತಿನಲ್ಲೇ ಎರಗುವಂತಿಲ್ಲ. ಮುಂದಿನ ಸುತ್ತಿಗೆ ಎರಗಿದರೆ ಕೋಚ್ ಮುಗಿದ. ಆದರೆ ನಡುವೆ ಅವನ ಸರದಿಯಿದೆ, ಅವನ ಕೆಂಪು ಡ್ರ್ಯಾಗನ್ ಇದೆ. ಏಟು ತಿಂದೂ ತಿಂದೂ ಅದರ ಬಲ ಏಳರಿಂದ ಒಂದಕ್ಕೆ ಬಂದಿದ್ದರೂ ಅದು ಒಮ್ಮೆ ಬೆಂಕಿ ಉಗುಳಿದರೆ ಎದುರಾಳಿಯ ಐದು ಜೀವ ಹೋಗುತ್ತವೆ.

ಅತ್ತೆ ಒಂದು ಕಾರ್ಡು ಎಳೆದರು. ಬಿಳಿ. ಗಾಯಗೊಂಡ ಯಾರನ್ನಾದರೂ ಒಬ್ಬರನ್ನು ಚೇತರಿಸಬಹುದು. ತಮಗೇ ಹಾಕಿಕೊಂಡರೆ ಜೀವ ಏಳಾಗುತ್ತದೆ, ಬೆಂಕಿಯನ್ನು ತಡೆದುಕೊಳ್ಳಬಹುದು. ಪ್ರೇಕ್ಷಕರ ಕುರ್ಚಿಯಲ್ಲಿದ್ದ ಸೊಸೆ ನೆಮ್ಮದಿಯಿಂದ ಹಿಂದಕ್ಕೆ ಒರಗಿದಳು. ಇದಕ್ಕೆ ಯೋಚಿಸುವುದೇನಿದೆ?

ಅತ್ತೆ ಯೋಚಿಸಲೂ ಇಲ್ಲ. ಕನ್ನಡಕ ಸರಿಮಾಡಿಕೊಂಡು ಮೇಜಿನ ಮೇಲಿದ್ದವರನ್ನೆಲ್ಲ ಒಮ್ಮೆ ನೋಡಿ, ಎಲ್ಲರಿಗಿಂತ ಸ್ಥಿತಿ ಗಂಭೀರವಾಗಿದ್ದ ರೋಗಿಗೆ ಔಷಧಿ ಕೊಟ್ಟರು. ಬಿಳಿ ಕಾರ್ಡು ಕೆಂಪು ಡ್ರ್ಯಾಗನ್ನಿನ ಮೇಲೆ ಕೂತಿತು.

ಪ್ರೇಕ್ಷಕರು ಬಾಯಿಬಿಡುವಂತಿಲ್ಲ. ಸೊಸೆ ಪೆನ್ನಿನ ಮುಚ್ಚಳ ಕಚ್ಚಿದಳು.

"ಆಂಟಿ, ಇದು ನನ್ನದು," ಎಂದ ಕೋಚ್.

"ಗೊತ್ತಪ್ಪಾ. ಇದರ ಅವಸ್ಥೆ ನೋಡಿದ್ದೀಯಾ? ಮೂರು ಸುತ್ತಿನಿಂದ ಓಡಿಸ್ತಾನೇ ಇದ್ದೀಯ. ಜಿಮ್ಮಿಗೆ ಬಂದವರನ್ನೂ ಹೀಗೇ ಗೋಳು ಹೊಯ್ಕೊಳ್ತೀಯಾ?"

"ಇಲ್ಲ, ಅದು..."

"ಅದೂ ಇಲ್ಲ, ಇದೂ ಇಲ್ಲ. ಔಷಧಿ ಈಗಷ್ಟೇ ಒಳಗೆ ಹೋಗಿದೆ. ಒಂದು ಸುತ್ತು ಅಲ್ಲಾಡಿಸಬೇಡ, ಮಲಗಿರಲಿ."

ತೊಂಬತ್ತೆರಡು ಕಿಲೋ ತೂಕದ ಕೋಚ್ ಕತ್ತು ತಗ್ಗಿಸಿದ. "ಸರಿ, ಸಿಸ್ಟರ್," ಎಂದು ಅವನ ಬಾಯಿಂದ ತಾನಾಗಿಯೇ ಬಂತು. ಡ್ರ್ಯಾಗನ್ನನ್ನು ಅಡ್ಡ ತಿರುಗಿಸಿ ಮಲಗಿಸಿದ. ಅಡ್ಡ ಮಲಗಿದ ಕಾರ್ಡು ಹೊಡೆಯುವಂತಿಲ್ಲ, ತಡೆಯುವಂತಿಲ್ಲ. ಸರದಿ ಅತ್ತೆಗೆ ಬಂತು. ಗಿಡುಗ ಎದ್ದಿತು, ಎರಗಿತು. ಎರಡು ಜೀವವೂ ಹೋದವು.

ಕೋಚ್‌ಗೆ ಎಚ್ಚರವಾದದ್ದು ಆಗಲೇ. ಅವನು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. ತೀರ್ಪುಗಾರರೂ ನಿಯಮದ ಪುಸ್ತಕ ಹಿಡಿದು ಓಡಿಬಂದರು.

"ಸರ್, ಇವರು ನನ್ನ ಡ್ರ್ಯಾಗನ್ನನ್ನು ಮಲಗಿಸು ಅಂದ್ರು!"

"ಇವರ ಕಾರ್ಡಿನಲ್ಲಿ ಹಾಗಂತ ಬರೆದಿದೆಯೇ?"

"ಇಲ್ಲ."

"ಮತ್ತೆ ನೀವ್ಯಾಕೆ ಮಲಗಿಸಿದಿರಿ?"

ಕೋಚ್ ಅತ್ತೆಯತ್ತ ಕೈ ತೋರಿಸಿದ. ಬೇಕೆಂದೇ ಮಾಡಿದರೋ, ಅಭ್ಯಾಸಬಲದಿಂದಲೋ ಎಂದು ಸೊಸೆ ಅತ್ತೆಯ ಮುಖ ನೋಡಿದಳು. ಮೂವತ್ತೆಂಟು ವರ್ಷ ರೋಗಿಗಳ ಸಾವಿರ ನೆಂಟರು ಹೀಗೇ ನೋಡಿ ಏನೂ ತಿಳಿಯದೆ ಹೋಗಿದ್ದ ಮುಖ ಅದು. ಅತ್ತೆ ನೀರಿನ ಬಾಟಲಿಯನ್ನು ಕೋಚ್‌ನ ಕಡೆಗೆ ಸರಿಸಿದರು.

"ಇಷ್ಟು ಕೂಗಾಡಬಾರದು. ಮೊದಲು ಕೂತ್ಕೊಂಡು ನೀರು ಕುಡಿ, ಆಮೇಲೆ ಜಗಳ."

ಕೋಚ್ ಕೂತ. ಸ್ವಲ್ಪ ಹೊತ್ತು ಬಿಟ್ಟು ತೀರ್ಪುಗಾರರೂ ಕೂತರು.