ಅಕ್ಕ ಹತ್ತುವ ಕಾರು

ವೈ.ಎನ್.ಹೊಸಕೋಟೆಯ ಇಕ್ಕಟ್ಟಾದ ಬೀದಿಯಲ್ಲಿ ಎರಡೇ ಬಾಗಿಲಿನ ಕೆಂಪು ಕೂಪೆ ಕಾರನ್ನು ನಿಲ್ಲಿಸಿ, ಕದರಪ್ಪ ಬೇಕೆಂದೇ ಅಕ್ಸಿಲರೇಟರ್ ಒತ್ತಿದ. ಆ ಗುಡುಗಿಗೆ ಜಗಲಿಗಳ ಮೇಲೆ ಕಡಲೆಕಾಯಿ ಸುಲಿಯುತ್ತಿದ್ದವರೆಲ್ಲ ಎದ್ದು ನಿಂತರು. ಬರಬೇಕಾದವಳು ಮಾತ್ರ ಹೊರಗೆ ಬರಲಿಲ್ಲ.

"ಸೌಂಡ್ ಹೆಂಗಿದೆ ಸರ್?" ಬೆಂಗಳೂರಿನ ಷೋರೂಮಿನಿಂದ ಕಾರು ತೋರಿಸಲು ತಂದಿದ್ದ ರಂಗೇಶ್ ಕೇಳಿದ.

"ಚೆನ್ನಾಗೈತೆ. ಅಡುಗೆಮನೆ ತಂಕ ಕೇಳ್ತದಾ ಅಂತ ನೋಡ್ತಾ ಇವ್ನಿ."

ಎದುರಿನ ಮನೆ ಅಕ್ಕ ಓಬಳಮ್ಮನದು. ಅವಳು ತವರಿನ ಹೊಸ್ತಿಲು ತುಳಿದು ಎಂಟು ವರ್ಷವಾಗಿತ್ತು. ಹೊಸ ಗಾಡಿ ತಂದರೆ ಮೊದಲು ಮನೆಯ ಹೆಣ್ಣುಮಗಳನ್ನು ಕೂರಿಸಿಕೊಂಡು ಬರಬೇಕು ಎನ್ನುವುದು ಅವರ ಮನೆಯ ಪದ್ಧತಿ. ಸೈಕಲ್ಲಿಗೂ ಅದೇ, ಟ್ರ್ಯಾಕ್ಟರಿಗೂ ಅದೇ. ಕದರಪ್ಪನಿಗೆ ಕಾರಿನ ಹುಚ್ಚು ಅಷ್ಟಕ್ಕಷ್ಟೆ, ಇದ್ದದ್ದೆಲ್ಲ ಅಕ್ಕನ ಹಂಬಲ. ಬಾಗಿಲಿಗೆ ಹೋಗಿ ಕೂಗೋಣವೆಂದರೆ ಮೀಸೆ ಅಡ್ಡ ಬರುತ್ತಿತ್ತು. ಅದಕ್ಕೇ ಕೂಗುವ ಕೆಲಸವನ್ನು ಇಂಜಿನ್ನಿಗೆ ವಹಿಸಿದ್ದ, ಪುಣ್ಯಾತ್ಮ!

ಇದಕ್ಕೂ ಮೊದಲು ಅವನು ಇನ್ನೆರಡು ಕಾರು ಓಡಿಸಿ ನೋಡಿದ್ದ. ಬೆಳ್ಳಿ ಬಣ್ಣದ್ದು ಅಂದವೆಂದರೆ ಅಂದ, ಆದರೆ ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಕೂತಿತ್ತು. ಅಕ್ಕನ ಮಂಡಿ ಅಷ್ಟು ಬಗ್ಗೀತೇ? ಕರೆಂಟಿನದು ಮಹಾ ಬುದ್ಧಿವಂತ, ಮಾತಾಡಿಸಿದರೆ ಉತ್ತರ ಕೊಡುತ್ತಿತ್ತು, ಆದರೆ ಬರುವುದು ಬೆಕ್ಕು ಬಂದ ಹಾಗೆ. ಒಳಗಿದ್ದವಳಿಗೆ ಗೊತ್ತಾಗುವುದು ಹೇಗೆ? ಈ ಕೆಂಪು ಕಾರಿಗೆ ಸದ್ದೂ ಇತ್ತು, ಸೀಟೂ ತಣ್ಣಗಾಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಹಿಂದೆ ಇದ್ದದ್ದು ಗೇಣಗಲದ ಸೀಟು. ಅಕ್ಕ ಹತ್ತಿದರೆ ತಮ್ಮನ ಪಕ್ಕದಲ್ಲೇ ಕೂರಬೇಕು.

ಇನ್ನೊಂದು ಸಲ ಗುಡುಗಿದಾಗ ಓಬಳಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಹೊರಗೆ ಬಂದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ಅಯ್ಯೋ, ಇದು ಯಾವಾಗ ಆಯಿತು ಎಂದುಕೊಂಡು ಕದರಪ್ಪ ಅಕ್ಸಿಲರೇಟರಿನಿಂದ ಕಾಲು ತೆಗೆದ.

"ಏನ್ಲಾ ಕದ್ರ, ಊರ್ಗೆಲ್ಲ ಕೇಳಂಗೆ ಅರಚಿಸ್ತೀಯ? ನಿಂಗೆ ಬಾಯಿಲ್ವಾ?"

"ಗಾಡಿ ನೋಡಕ್ಕಯ್ಯ. ನೀನು ಊಂ ಅಂದ್ರೆ ತಗಂತೀನಿ. ಹತ್ತು, ಮನೇಗೋಗಾನ."

ಅವಳು ಕಾರಿನ ಸುತ್ತ ಒಂದು ಸುತ್ತು ಬಂದಳು. "ಲಕ್ಷಣವಾಗೈತೆ ಬುಡು," ಎಂದಳು. ಕದರಪ್ಪನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ರಂಗೇಶ್ ಸುಮ್ಮನಿರಬಾರದೇ? "ಮ್ಯಾಪೂ ಇದೆ ಅಮ್ಮ. ಎಲ್ಲಿಗೆ ಅಂತ ಹೇಳಿದ್ರೆ ಸಾಕು, ಅದೇ ದಾರಿ ತೋರಿಸುತ್ತೆ," ಎಂದ.

"ಅಂಗಾ? ಅಂಗಾದ್ರೆ ಮನೇಗ್ ಬ್ಯಾಡ. ಅವ್ವನ ಗುಡ್ಡೆ ತಾವ್ಕೆ ಕರ್ಕೊಂಡೋಗು ಅನ್ನು."

ಕದರಪ್ಪನ ಮುಖ ಇಳಿಯಿತು. ಅವ್ವನನ್ನು ಮಣ್ಣು ಮಾಡಿದ್ದು ಕ್ಯಾತಗಾನಚೆರ್ಲಿನ ಹೊಲದ ಮೂಲೆಯಲ್ಲಿ. ಹೊಲವನ್ನು ಸೋಲಾರ್ ಕಂಪನಿಗೆ ಗುತ್ತಿಗೆ ಕೊಡುವಾಗ ಆ ಮೂಲೆಯನ್ನು ಬೇಲಿಯಿಂದ ಹೊರಗೆ ಉಳಿಸಿಕೋ ಎಂದು ಅಕ್ಕ ಬೇಡಿಕೊಂಡಿದ್ದಳು, ಕಾಲು ಹಿಡಿಯುವುದೊಂದು ಬಾಕಿ. ತುಂಡು ನೆಲಕ್ಕೆ ಯಾಕೆ ರಗಳೆ ಎಂದು ಇವನೇ ಮುಂದೆ ನಿಂತು ಜೆಸಿಬಿಯಿಂದ ಸಮಾಧಿಯ ಗುಡ್ಡೆಯನ್ನು ಮಟ್ಟ ಮಾಡಿಸಿದ್ದ. ಅಕ್ಕ ಮಾತು ಬಿಟ್ಟದ್ದು ಅವತ್ತಿನಿಂದ.

ಆದರೂ ಹತ್ತಿದಳಲ್ಲ! ಹಿತ್ತಲಿನ ಕನಕಾಂಬರವನ್ನು ಮಡಿಲಿಗೆ ಹಾಕಿಕೊಂಡು ಪಕ್ಕದಲ್ಲೇ ಕೂತಳು. ರಂಗೇಶ್ ಹಿಂದೆ ಮುದುಡಿಕೊಂಡ. ಸೀಟು ತಣ್ಣಗಾದಾಗ ಅಕ್ಕ "ಅಬ್ಬ!" ಎಂದು ಒಂದಿಷ್ಟು ನಕ್ಕಳು. ಈ ದಾರಿ ಮುಗಿಯದಿದ್ದರೆ ಎಷ್ಟು ಚೆನ್ನ ಎಂದು ಕದರಪ್ಪ ಕಾರನ್ನು ಎತ್ತಿನ ಗಾಡಿಯ ವೇಗದಲ್ಲಿ ಬಿಟ್ಟ.

ಬೇಲಿಯ ಹತ್ತಿರ ರಸ್ತೆ ಮುಗಿಯಿತು. ಓಬಳಮ್ಮ ಇಳಿದು ತಂತಿ ಹಿಡಿದು ನಿಂತಳು.

"ಒಳಿಕ್ ಬುಡಲ್ಲ ಅಂತ ನಂಗೂ ಗೊತ್ತು ಕಣ್ಲಾ. ಅವ್ವ ಯಾವ್ ತಾವ್ ಅವ್ಳೆ, ತೋರ್ಸು ಸಾಕು. ಇಲ್ಲಿಂದ್ಲೇ ಕೈ ಮುಗೀತೀನಿ."

ಕದರಪ್ಪ ಕೈ ಎತ್ತಿದ. ಕಣ್ಣು ಹಾಯುವವರೆಗೂ ಒಂದೇ ಅಳತೆಯ ನೀಲಿ ಗಾಜಿನ ಸಾಲುಗಳು. ಅವನ ಬೆರಳು ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಹೋಯಿತು, ಅಲ್ಲಿಂದ ಮತ್ತೊಂದಕ್ಕೆ. ಅಕ್ಕ ಕೈ ಜೋಡಿಸಿಕೊಂಡು ಅವನ ಬೆರಳನ್ನೇ ನೋಡುತ್ತಾ ಕಾದಳು.