ಮಾತಿನ ಖಾನೆ

“ನಿಮ್ಮತ್ತೆಗೆ ನನ್ನ ಮೇಲೆ ಯಾಕಮ್ಮ ಸಿಟ್ಟು?” ಲಾಡ್ಜಿನ ಯಜಮಾನರು ಲಾಂಡ್ರಿಯ ಮೆಟ್ಟಿಲು ಹತ್ತುತ್ತಲೇ ಕೇಳಿಬಿಟ್ಟರು. ಕೈಯಲ್ಲಿ ಆ ತಿಂಗಳ ಬಿಲ್ಲು. “ಏನು ತಪ್ಪಾಯ್ತೋ ಬಾಯಿಬಿಟ್ಟು ಹೇಳಲಿ. ಇಲ್ಲಾಂದ್ರೆ ನಾಳೆಯಿಂದ ನಮ್ಮ ಬಟ್ಟೆಯೆಲ್ಲ ಬೇರೆ ಕಡೆ ಕೊಡ್ತೀನಿ.”

ಸೊಸೆ ಗಲ್ಲಾ ಬಿಟ್ಟು ಎದ್ದು ಬಂದಳು. ಅಂಗಡಿಯ ಅರ್ಧ ಒಗೆತ ಅವರ ಲಾಡ್ಜಿನದೇ. “ಸಿಟ್ಟಾ? ಬಿಲ್ಲಲ್ಲಿ ಏನಾದ್ರೂ ಹೆಚ್ಚುಕಮ್ಮಿ ಆಗಿದೆಯಾ, ಯಜಮಾನ್ರೇ?”

“ಬಿಲ್ಲೇನೋ ತೊಳೆದಿಟ್ಟ ಹಾಗಿದೆ. ಅದೇ ತಾಪತ್ರಯ! ಬೆಡ್‌ಶೀಟು, ದಿಂಬಿನ ಕವರು, ಒಟ್ಟು. ಮಾತಿಲ್ಲ, ಕತೆಯಿಲ್ಲ. ನಮ್ಮನೆಯವಳು ಮುನಿಸಿಕೊಂಡಾಗಲೂ ಇಷ್ಟು ತಣ್ಣಗಿರಲ್ಲ.”

ಸೊಸೆಗೆ ಆಗ ಹೊಳೆಯಿತು. ಹೋದ ತಿಂಗಳು ಅವಳೇ ಹಟ ಹಿಡಿದು ಸಾಫ್ಟ್‌ವೇರ್ ಹಾಕಿಸಿದ್ದಳು. ಅತ್ತೆ ಸಿಕ್ಕ ಸಿಕ್ಕ ಚೀಟಿಯ ಮೇಲೆ ಗೀಚಿದ್ದನ್ನೆಲ್ಲ ಫೋಟೋ ಹಿಡಿದು ಕೊಟ್ಟರೆ ಸಾಕು. ಅದು ತಾನೇ ಓದಿ, ಬಿಲ್ಲು, ರಸೀದಿ, ಆರ್ಡರು ಎಂದು ಬೇರೆ ಮಾಡಿ, ಎಲ್ಲವನ್ನೂ ಒಂದೇ ನಮೂನೆಗೆ ತಂದು ಗಿರಾಕಿಗೆ ಕಳಿಸಿಬಿಡುತ್ತಿತ್ತು. ‘ಸಂಬಂಧವಿಲ್ಲದ ಬರಹ ತೆಗೆದುಹಾಕಲೇ?’ ಎಂದು ಅದು ಕೇಳಿದಾಗ ಹೂಂ ಅಂದವಳೂ ಅವಳೇ.

ಕಂಪ್ಯೂಟರು ಕೆದಕಿದಳು. ತೆಗೆದುಹಾಕಿದ್ದೆಲ್ಲ ಒಂದು ಮೂಲೆಯಲ್ಲಿ ರಾಶಿ ಬಿದ್ದಿತ್ತು. ಗಟ್ಟಿಯಾಗಿ ಓದತೊಡಗಿದಳು. “ಮೇಷ್ಟ್ರೇ, ಪ್ಯಾಂಟಿನ ಸೊಂಟ ಮತ್ತೆ ಚಿಕ್ಕದು ಮಾಡಿಸಿದ್ದೀರಿ, ಊಟ ಸರಿಯಾಗಿ ಮಾಡ್ತಿದ್ದೀರಾ?” “ನರ್ಸಮ್ಮಾ, ಜೇಬಲ್ಲಿದ್ದ ಚಾಕಲೇಟು ಹುತಾತ್ಮವಾಗಿದೆ, ಜೇಬು ಉಳಿಸಿದ್ದೀನಿ.” “ಲಾಡ್ಜಿನ ಯಜಮಾನ್ರಿಗೆ, ಮಹಡಿ ರೂಮಿನ ಕರ್ಟನ್ ಹರಿದಿತ್ತು, ಹೊಲಿದಿದ್ದೀನಿ. ನಿಮ್ಮ ಕೆಮ್ಮು ಹೊಲಿಯೋಕೆ ನನ್ನತ್ರ ಸೂಜಿ ಇಲ್ಲ, ಡಾಕ್ಟರಿಗೆ ತೋರಿಸಿ.”

ಯಜಮಾನರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತ ನಗುತ್ತ ಕೆಮ್ಮಿದರು.

“ನೋಡಿದ್ಯಾ, ಇನ್ನೂ ತೋರಿಸಿಲ್ಲ!” ಒಳಗೆ ಇಸ್ತ್ರಿ ಮಾಡುತ್ತಿದ್ದ ಅತ್ತೆ ಅಲ್ಲಿಂದಲೇ ಕೂಗಿದರು.

“ಇವತ್ತೇ ಹೋಗ್ತೀನಿ ತಾಯಿ. ನಾಳೆ ಬಟ್ಟೆ ಕಳಿಸ್ತೀನಿ, ಬೈಯದೆ ಒಗೀರಿ,” ಎಂದು ಯಜಮಾನರು ಇಳಿದುಹೋದರು.

“ಹಾಗಾದ್ರೆ ನಿನ್ನ ಸಾಫ್ಟ್‌ವೇರ್ ಕಟ್ಟಿಡ್ತೀಯಾ?” ಅತ್ತೆ ಹೊರಬಂದು ಕೇಳಿದರು, ಒಂದಿಷ್ಟು ಆಸೆಯಿಂದಲೇ.

“ಕಟ್ಟಿಡೋದಾ? ನೋಡ್ತಿರಿ ಅತ್ತೆ.” ಸೊಸೆ ಬಿಲ್ಲಿನ ನಮೂನೆಗೆ ಒಂದು ಖಾನೆ ಸೇರಿಸಿ ‘ಮಾತು’ ಎಂದು ಹೆಸರಿಟ್ಟಳು. ಅದು ತುಂಬದೆ ಬಿಲ್ಲು ಹೊರಡಕೂಡದು ಎಂದು ಕಡ್ಡಾಯವನ್ನೂ ಮಾಡಿದಳು.

ಮರುದಿನ ಹೊಸ ಗಿರಾಕಿಯೊಬ್ಬ ಕೋಟು ಒಯ್ಯಲು ದಡಬಡನೆ ಬಂದ. ಬಿಲ್ಲು ಬರಲೇ ಇಲ್ಲ. ಕಂಪ್ಯೂಟರಿನಲ್ಲಿ ಕೆಂಪಕ್ಷರ: ‘ಮಾತು’ ಖಾಲಿ ಇದೆ.

“ಇವರ ಪರಿಚಯವೇ ಇಲ್ವಲ್ಲೇ, ಏನಂತ ಬರೀಲಿ?” ಅತ್ತೆ ಕನ್ನಡಕ ಏರಿಸಿದರು. ಆಮೇಲೆ ಸ್ಟೂಲನ್ನು ಅವನತ್ತ ತಳ್ಳಿದರು. “ಕೂತ್ಕೊಳ್ಳಪ್ಪಾ. ಮನೇಲಿ ಯಾರ್ಯಾರಿದ್ದೀರಿ?”

ಆತ ಹೊರಗೆ ಹೋಗಿ, ಸ್ಟಾರ್ಟಿನಲ್ಲೇ ಬಿಟ್ಟು ಬಂದಿದ್ದ ಬೈಕನ್ನು ಆಫ್ ಮಾಡಿ, ಬಂದು ಕೂತ.